ಸ್ವಂತ ಹಾಡಿಲ್ಲದ ಬ್ಯಾಂಡು

ನಾಚಾರಂನಲ್ಲಿ ಆರು ವರ್ಷ ಆಫೀಸಿನವರ ಜೊತೆ ಸೇರಿ ಒಂದು ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದೆ ಎಂದರೆ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ನಿಮ್ಮದೇ ಸ್ವಂತ ಹಾಡು ಯಾವುದಾದರೂ ಇದೆಯಾ?’ ಇಲ್ಲ. 2014ರಿಂದ 2020ರವರೆಗೆ ಸುಮಾರು ಎಂಬತ್ತು ಹಾಡು ಕಲಿತೆವು, ಐದು ಭಾಷೆಯಲ್ಲಿ ನುಡಿಸಿದೆವು, ಅದರಲ್ಲಿ ಒಂದೂ ನಮ್ಮದಲ್ಲ. ಈ ಉತ್ತರ ಕೇಳಿದವರ ಮುಖದಲ್ಲಿ ‘ಓ, ಬರೀ ಕವರ್ ಬ್ಯಾಂಡಾ’ ಎನ್ನುವ ಭಾವ ಒಂದು ಕ್ಷಣ ಹಾದು ಹೋಗುತ್ತದೆ. ಆ ‘ಬರೀ’ ಎಂಬ ಪದದ ಬಗ್ಗೆ ನನಗೆ ತಕರಾರಿದೆ. ಅದಕ್ಕಾಗಿಯೇ ಈ ಬರಹ.

ನಮ್ಮ ಕಡೆ ಕವರ್ ಬ್ಯಾಂಡ್ ಎಂಬ ಹೆಸರು ಹೊಸದು, ಪದಾರ್ಥ ಹಳೆಯದು. ನಾನು ದಾವಣಗೆರೆಯಲ್ಲಿ ಬೆಳೆದವನು. ಗಣೇಶನ ಹಬ್ಬದ ಪೆಂಡಾಲಿನಲ್ಲಿ ‘ಇಂದು ರಾತ್ರಿ ರಸಮಂಜರಿ’ ಎಂದು ಬೋರ್ಡು ಬಿದ್ದರೆ ಓಣಿಯೆಲ್ಲ ಚಾಪೆ ಹಿಡಿದು ಸಂಜೆಯೇ ಜಾಗ ಹಿಡಿಯುತ್ತಿತ್ತು. ಒಬ್ಬ ರಾಜ್‌ಕುಮಾರ್ ದನಿಯಲ್ಲಿ ಹಾಡುವವರು, ಒಬ್ಬ ಎಸ್ಪಿಬಿ ದನಿಯವರು, ಒಬ್ಬ ಜಾನಕಿಯಮ್ಮನ ದನಿಯವರು, ಮಧ್ಯೆ ವಿಷ್ಣುವರ್ಧನ್ ಹಾಗೆ ಕಡಗ ಹಾಕಿಕೊಂಡು ಕುಣಿಯುವ ಒಬ್ಬರು. ಡಾ. ರಾಜ್‌ಕುಮಾರ್ ಅವರೇ ಊರೂರಲ್ಲಿ ರಸಮಂಜರಿ ಕಾರ್ಯಕ್ರಮ ಕೊಟ್ಟಿದ್ದಾರೆ. ಅಲ್ಲಿ ಯಾರೂ ‘ಸ್ವಂತ ಹಾಡು ಎಲ್ಲಿ?’ ಎಂದು ಕೇಳಲಿಲ್ಲ. ಜನ ಬಂದಿದ್ದೇ ತಮಗೆ ಗೊತ್ತಿರುವ ಹಾಡನ್ನು ಎಲ್ಲರ ಜೊತೆ ಕೂತು ಮತ್ತೊಮ್ಮೆ ಕೇಳಲು.

ಊರು ಬಿಟ್ಟು ಬಂದವರಿಗೆ ಮೊದಲು ಕೈತಪ್ಪುವುದು ಇದೇ. ಹಾಡು ಫೋನಿನಲ್ಲಿ ಸಿಗುತ್ತದೆ. ‘ಎಲ್ಲರ ಜೊತೆ’ ಎಂಬುದು ಸಿಗುವುದಿಲ್ಲ.

ನಗರದ ಆ ಬದಿ

ಹೈದರಾಬಾದಿನ ಐಟಿ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ಪಶ್ಚಿಮದ ಮಾಧಾಪುರ, ಹೈಟೆಕ್ ಸಿಟಿ, ಗಚ್ಚಿಬೌಲಿ. ನಾಚಾರಂ ಇರುವುದು ಪೂರ್ವಕ್ಕೆ, ತಾರ್ನಾಕ, ಹಬ್ಸಿಗುಡ, ಉಪ್ಪಲ್ ಪಕ್ಕ. ಇದು ಮೂಲತಃ ಕಾರ್ಖಾನೆಗಳ ಏರಿಯಾ. ಕೈಗಾರಿಕಾ ವಸಾಹತು, ಮಲ್ಲಾಪುರದ ಕಡೆ ಗೋಡೌನುಗಳು, ಇಎಸ್‌ಐ ಆಸ್ಪತ್ರೆ, ಎನ್.ಟಿ. ರಾಮರಾವ್ ಕಟ್ಟಿಸಿದ ರಾಮಕೃಷ್ಣ ಸ್ಟುಡಿಯೊ. ಸ್ವಲ್ಪ ದೂರದಲ್ಲಿ ಸಿಸಿಎಂಬಿ, ಎನ್‌ಜಿಆರ್‌ಐ ಥರದ ಸಂಶೋಧನಾ ಸಂಸ್ಥೆಗಳು, ಇನ್ನೊಂದು ದಿಕ್ಕಿಗೆ ಉಪ್ಪಲ್‌ನ ಕ್ರಿಕೆಟ್ ಮೈದಾನ. ಈ ಬದಿಯಲ್ಲೂ ಒಂದಿಷ್ಟು ಐಟಿ ಆಫೀಸುಗಳಿವೆ. ಅಂಥದ್ದೊಂದರಲ್ಲಿ ನಾನು ಕೆಲಸಕ್ಕೆ ಸೇರಿದೆ.

ಮೆಟ್ರೊ ಇನ್ನೂ ಬಂದಿರಲಿಲ್ಲ. ನಾಗೋಲ್‌ನಿಂದ ಅಮೀರ್‌ಪೇಟೆಗೆ ರೈಲು ಓಡಲು ಶುರುವಾಗಿದ್ದು 2017ರ ನವೆಂಬರ್ ಕೊನೆಯಲ್ಲಿ. ಅದಕ್ಕೂ ಮುಂಚೆ ಉಪ್ಪಲ್ ರಸ್ತೆಯ ಮಧ್ಯೆ ಬರೀ ಕಂಬಗಳು, ಧೂಳು, ಟ್ರಾಫಿಕ್. ಸಂಜೆ ಹೈಟೆಕ್ ಸಿಟಿ ಕಡೆಗೆ ಹೋಗಿ ಏನಾದರೂ ನೋಡಿ ಬರೋಣ ಎಂದರೆ ಅರ್ಧ ರಾತ್ರಿ. ಕನ್ನಡದವರ ಹಳೆಯ ನೆಲೆಯಾದ ಕಾಚಿಗುಡ, ಅಲ್ಲಿನ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವು ಅಷ್ಟು ದೂರವೇನಲ್ಲ. ಆದರೆ ಅಲ್ಲಿಗೆ ಹೋಗುವುದು ರಾಜ್ಯೋತ್ಸವಕ್ಕೋ ನಾಟಕಕ್ಕೋ, ವರ್ಷಕ್ಕೆ ಒಂದೆರಡು ಸಲ. ಉಳಿದ ಮುನ್ನೂರ ಅರವತ್ತು ದಿನ ಕನ್ನಡ ಎಂದರೆ ಅಮ್ಮನ ಫೋನು ಮಾತ್ರ.

ಬ್ಯಾಂಡು ಶುರುವಾಗಿದ್ದು ದೊಡ್ಡ ಆಲೋಚನೆಯಿಂದಲ್ಲ. ಆಫೀಸಿನ ವಾರ್ಷಿಕೋತ್ಸವಕ್ಕೆ ಕ್ಯಾರಿಯೋಕೆ ಹಾಕಿ ಹಾಡುವವರ ಹೆಸರು ಬರೆದುಕೊಳ್ಳುತ್ತಿದ್ದರು. ಟೆಸ್ಟಿಂಗ್ ತಂಡದ ವರಂಗಲ್ ಹುಡುಗನೊಬ್ಬ ‘ನನ್ನ ಹತ್ತಿರ ರಿದಮ್ ಪ್ಯಾಡ್ ಇದೆ, ಟ್ರ್ಯಾಕ್ ಯಾಕೆ ಹಾಕ್ತೀರಿ?’ ಎಂದ. ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಕೊಯಮತ್ತೂರಿನವನು ಕೀಬೋರ್ಡ್ ತಂದ. ನೆಟ್‌ವರ್ಕ್ ತಂಡದ ಕಟಕ್‌ನವನಿಗೆ ಬೇಸ್ ಗಿಟಾರ್ ಬರುತ್ತಿತ್ತು. ಪೇರೋಲ್ ವಿಭಾಗದ ವಿಜಯವಾಡದ ಅಕ್ಕ ಕರ್ನಾಟಕ ಸಂಗೀತ ಕಲಿತವರು. ಆರನೆಯವರು ನಮ್ಮ ಡೆಲಿವರಿ ಮ್ಯಾನೇಜರ್. ಹಳೆಯ ನಗರದಲ್ಲಿ ಹುಟ್ಟಿ ಬೆಳೆದವರು, ದಖನಿ ಮಾತಿನವರು, ಕಿಶೋರ್ ಕುಮಾರ್ ಹಾಡುಗಳ ಹುಚ್ಚು. ನಾನು ಕಾಲೇಜಿನಲ್ಲಿ ಕಲಿತ ಅಷ್ಟಿಷ್ಟು ಗಿಟಾರ್ ಹಿಡಿದು ಸೇರಿಕೊಂಡೆ. ಬ್ಯಾಂಡಿಗೆ ಕೊನೆಯವರೆಗೂ ಹೆಸರಿಡಲಿಲ್ಲ. ಆಫೀಸಿನವರು ‘ಪೆಂಟ್‌ಹೌಸ್ ಬ್ಯಾಚ್’ ಎನ್ನುತ್ತಿದ್ದರು.

ಮೊಟ್ಟೆ ಟ್ರೇಗಳ ಕೋಣೆ

ಹೈದರಾಬಾದಿನಲ್ಲಿ ಪೆಂಟ್‌ಹೌಸ್ ಎಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಅಲ್ಲ. ಮನೆಯ ತಾರಸಿ ಮೇಲೆ ಕಟ್ಟಿದ ಒಂಟಿ ಕೋಣೆ. ಬೇಸಿಗೆಯಲ್ಲಿ ಒಲೆ, ಮಳೆಗಾಲದಲ್ಲಿ ಸೋರಿಕೆ. ನಾಚಾರಂನ ಒಂದು ಕಾಲೊನಿಯಲ್ಲಿ ಅಂಥದ್ದೊಂದನ್ನು ತಿಂಗಳಿಗೆ 4,500 ರೂಪಾಯಿಗೆ ಹಿಡಿದೆವು. ಆರು ಜನ, ತಲೆಗೆ 750. ಮ್ಯಾನೇಜರ್ ಹೆಚ್ಚು ಕೊಡುತ್ತೇನೆಂದರೂ ಒಪ್ಪಲಿಲ್ಲ. ಅದು ನಮ್ಮ ಮೊದಲ ನಿಯಮ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾವೂ ಅಂಟಿಸಿದೆವು. ವಿಷಯ ಏನೆಂದರೆ, ಹಗುರವಾದ ರಟ್ಟು ಸದ್ದನ್ನು ತಡೆಯುವುದಿಲ್ಲ. ಕೋಣೆಯೊಳಗಿನ ಪ್ರತಿಧ್ವನಿಯನ್ನು, ಅದರಲ್ಲೂ ಮೇಲಿನ ಸ್ಥಾಯಿಯದನ್ನು ಮಾತ್ರ ಸ್ವಲ್ಪ ಕಡಿಮೆ ಮಾಡುತ್ತದೆ. ಸದ್ದು ತಡೆಯಲು ಬೇಕಾದದ್ದು ತೂಕ: ದಪ್ಪ ಗೋಡೆ, ಸಂದಿಲ್ಲದ ಬಾಗಿಲು. ಬೇಸ್ ಗಿಟಾರಿನ ಗುಂಯ್ ಎನ್ನುವ ದನಿಯಂತೂ ನೇರ ಕೆಳಗಿನ ಮನೆಗೆ ಇಳಿಯುತ್ತಿತ್ತು. ಅಲ್ಲಿದ್ದವರು ಮನೆ ಮಾಲೀಕರಾದ ಆಂಟಿ. ಅವರು ಒಂದೇ ಷರತ್ತು ಹಾಕಿದರು: ರಾತ್ರಿ ಒಂಬತ್ತಕ್ಕೆ ಬಂದ್, ಮತ್ತು ವಾರಕ್ಕೊಂದು ಘಂಟಸಾಲ ಹಾಡು. ಇದಕ್ಕಿಂತ ಒಳ್ಳೆಯ ಬಾಡಿಗೆ ಕರಾರನ್ನು ನಾನು ಇವತ್ತಿಗೂ ನೋಡಿಲ್ಲ.

ಪ್ರತಿ ಶನಿವಾರ ಸಂಜೆ ಐದರಿಂದ ಒಂಬತ್ತು. ಮೊದಲ ಅರ್ಧ ಗಂಟೆ ಶ್ರುತಿಯ ಜಗಳ. ಎಸ್ಪಿಬಿ ಹಾಡಿದ ಸ್ಥಾಯಿ ನಮ್ಮ ಮ್ಯಾನೇಜರಿಗೆ ಎಟುಕುವುದಿಲ್ಲ, ಅವರಿಗೆ ಇಳಿಸಿದರೆ ಅಕ್ಕನಿಗೆ ತೀರಾ ಕೆಳಗೆ. ಕೀಬೋರ್ಡಿನವನು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಮುಗಿಸುತ್ತಿದ್ದ. ನಾನು ಕ್ಯಾಪೊ ಸರಿಸಿ ಸರಿಸಿ ಸಾಕಾಗುತ್ತಿದ್ದೆ. ಜೋಡಿ ಹಾಡಿಗೆ ಸರಿಯಾದ ಶ್ರುತಿ ಹುಡುಕುವುದೆಂದರೆ ಇಬ್ಬರಿಗೂ ಸ್ವಲ್ಪ ಕಷ್ಟವಾಗುವ, ಆದರೆ ಯಾರಿಗೂ ಅಸಾಧ್ಯವಾಗದ ಜಾಗ ಹುಡುಕುವುದು. ಆಮೇಲೆ ಆಫೀಸಿನ ಎಷ್ಟೋ ಮೀಟಿಂಗ್‌ಗಳಲ್ಲಿ ನನಗೆ ಈ ಮಾತು ನೆನಪಿಗೆ ಬಂದಿದೆ.

ರೆಕಾರ್ಡಿನಲ್ಲಿ ಇಪ್ಪತ್ತು ಪಿಟೀಲುಗಳು ನುಡಿಸಿದ್ದನ್ನು ಒಂದು ಕೀಬೋರ್ಡಿನಲ್ಲಿ ತರಬೇಕು. ಕೊಳಲಿನ ಬಿಟ್ ಬಂದರೆ ನಾನು ಗಿಟಾರಿನಲ್ಲಿ ನುಡಿಸಬೇಕು. ಒಂದು ಹಾಡನ್ನು ಸಾವಿರ ಸಲ ಕೇಳಿದ್ದರೂ, ಅದನ್ನು ಬಿಚ್ಚಿ ಆರು ಭಾಗ ಮಾಡಿ ಮತ್ತೆ ಜೋಡಿಸುವವರೆಗೆ ಅದರೊಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ಇಳಯರಾಜ ಹಾಡುಗಳಲ್ಲಿ ಬೇಸ್ ಗಿಟಾರ್ ತನ್ನದೇ ಒಂದು ಹಾಡು ಹಾಡುತ್ತಿರುತ್ತದೆ ಎಂದು ನನಗೆ ತಿಳಿಸಿದ್ದು ತಮಿಳು, ಕನ್ನಡ, ತೆಲುಗು ಮೂರೂ ಬಾರದ ಆ ಕಟಕ್‌ನ ಹುಡುಗ.

ಸರ್, ಭಾಯ್

ಕೆಳಗೆ ಬೈಕ್ ನಿಲ್ಲಿಸುವವರೆಗೆ ಅವರು ‘ಸರ್’. ಮೆಟ್ಟಿಲು ಹತ್ತಿ ಮೇಲೆ ಬಂದರೆ ‘ಭಾಯ್’. ಇದನ್ನು ಯಾರೂ ತೀರ್ಮಾನ ಮಾಡಿದ್ದಲ್ಲ, ತಾನಾಗಿ ಆಯಿತು. ಕಾರಣ ಸರಳ. ತಾಳ ತಪ್ಪಿದಾಗ ‘ಸರ್, ದಯವಿಟ್ಟು ಒಂದು ಸಲಹೆ’ ಎಂದು ಶುರು ಮಾಡುವಷ್ಟು ಹೊತ್ತಿಗೆ ಹಾಡು ಮುಗಿದಿರುತ್ತದೆ. ಪ್ಯಾಡಿನ ಹುಡುಗ ಕೈ ಎತ್ತಿ ‘ಭಾಯ್, ನಕ್ಕೋ!’ ಎಂದು ಕೂಗುತ್ತಿದ್ದ. ಆಫೀಸಿನಲ್ಲಿ ಅವನು ಅವರಿಗಿಂತ ನಾಲ್ಕು ಹಂತ ಕೆಳಗೆ.

ಒಂದು ವರ್ಷ ಅಪ್ರೈಸಲ್ ಸಮಯ. ಕೀಬೋರ್ಡಿನವನಿಗೆ ಬಡ್ತಿ ಬರಬೇಕಿತ್ತು, ಬರಲಿಲ್ಲ. ಆ ವರ್ಷ ಮೇಲಿನಿಂದಲೇ ಬಡ್ತಿಗಳಿಗೆ ಕತ್ತರಿ ಬಿದ್ದಿತ್ತು, ಆದರೆ ಎದುರು ಕೂತು ಹೇಳಬೇಕಾದವರು ಮ್ಯಾನೇಜರ್. ಶುಕ್ರವಾರ ಸಂಜೆ ಮೀಟಿಂಗ್ ಕೋಣೆಯಿಂದ ಅವನು ಹೊರಬಂದಾಗ ಮುಖ ನೋಡಲಾಗಲಿಲ್ಲ. ಇಷ್ಟಕ್ಕೆ ಬ್ಯಾಂಡು ಮುಗಿಯಿತು ಎಂದುಕೊಂಡೆವು.

ಶನಿವಾರ ಇಬ್ಬರೂ ಬಂದರು. ಮಾತಿಲ್ಲ. ಮೂರು ಹಾಡು ಮುಗಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾಲ್ಕನೆಯ ಹಾಡಿಗೆ ಶ್ರುತಿ ಕೊಡಬೇಕಾದವನು ಕೀಬೋರ್ಡಿನವನೇ. ಅವನು ‘ಷಡ್ಜ’ ಒತ್ತಿ ಹಿಡಿದ. ಭಾಯ್ ಕಣ್ಣು ಮುಚ್ಚಿ ಅದರಲ್ಲಿ ದನಿ ಕೂಡಿಸಿದರು, ತುಸು ಹೊತ್ತು ಹಾಗೇ ನಿಂತರು. ‘ಸರಿ ಇದೆಯಾ?’ ಎಂದು ಇವನು ಕೇಳಿದ. ‘ಸರಿ ಇದೆ’ ಎಂದರು ಅವರು. ಮುಂದಿನ ವಾರದ ಹೊತ್ತಿಗೆ ಮಾತು ಶುರುವಾಗಿತ್ತು. ಬಡ್ತಿ ಬಾರದಿದ್ದ ಬೇಸರ ಹಾಡಿನಿಂದ ಕರಗಿತು ಎಂದು ನಾನು ಹೇಳುವುದಿಲ್ಲ. ಮರುವರ್ಷ ಅವನು ಬೇರೆ ಕಂಪನಿ ನೋಡಿಕೊಂಡ. ಆದರೆ ಬ್ಯಾಂಡು ಬಿಡಲಿಲ್ಲ. ಹೈಟೆಕ್ ಸಿಟಿಯಿಂದ ಪ್ರತಿ ಶನಿವಾರ ಇಡೀ ನಗರ ದಾಟಿ ನಾಚಾರಂಗೆ ಬರುತ್ತಿದ್ದ.

ಒಂದೇ ಧಾಟಿ, ನಾಲ್ಕು ಊರು

ಸ್ವಂತ ಹಾಡು ಕಟ್ಟಬೇಕೆಂದರೆ ಮೊದಲು ಒಂದು ಭಾಷೆ ಆರಿಸಬೇಕು. ನಮ್ಮಲ್ಲಿ ಆರು ಜನಕ್ಕೆ ಐದು ಮನೆಮಾತು. ಯಾವುದನ್ನು ಆರಿಸಿದರೂ ಉಳಿದವರು ಅತಿಥಿಗಳಾಗುತ್ತಿದ್ದರು. ಕವರ್ ಬ್ಯಾಂಡಿಗೆ ಆ ತೊಂದರೆ ಇಲ್ಲ. ಸರದಿ ಪ್ರಕಾರ ಪ್ರತಿಯೊಬ್ಬರೂ ಒಂದು ಹಾಡು ತರಬೇಕು, ಉಳಿದ ಐವರು ಅದನ್ನು ಕಲಿಯಬೇಕು. ಅದು ಎರಡನೆಯ ನಿಯಮ.

ನನ್ನ ಸರದಿಗೆ ನಾನು ಮೊದಲು ತಂದದ್ದು 1981ರ ‘ಗೀತಾ’ ಚಿತ್ರದ ‘ಜೊತೆಯಲಿ’. ಶಂಕರ್‌ನಾಗ್ ಚಿತ್ರ, ಇಳಯರಾಜ ಸಂಗೀತ, ಎಸ್ಪಿಬಿ ಮತ್ತು ಎಸ್. ಜಾನಕಿ ದನಿ. ಫೋನಿನಲ್ಲಿ ಹಾಕಿದ ಹತ್ತು ಸೆಕೆಂಡಿಗೇ ಕೊಯಮತ್ತೂರಿನವನು ಎದ್ದು ಕೂತ: ‘ಇದು ನಮ್ಮ ಹಾಡು!’ ಅವನಿಗೆ ಅದು 1984ರ ‘ನೂರಾವದು ನಾಳ್’ ಚಿತ್ರದ ‘ವಿಳಿಯಿಲೆ’. ಭಾಯ್ ನಕ್ಕು ‘ಅರೆ, ಇದು ಅಮಿತಾಭ್ ಬಚ್ಚನ್ ಪಿಕ್ಚರಿನದು’ ಎಂದರು. ಅವರಿಗೆ ಗೊತ್ತಿದ್ದದ್ದು 2007ರ ‘ಚೀನಿ ಕಮ್’ನಲ್ಲಿ ಶ್ರೇಯಾ ಘೋಷಾಲ್ ಹಾಡಿದ ‘ಜಾನೇ ದೋ ನಾ’. ಮೂರೂ ಒಂದೇ ಧಾಟಿ, ಮೂರೂ ಇಳಯರಾಜ. ಆ ಸಂಜೆ ಒಂದೇ ಹಾಡನ್ನು ಮೂರು ಭಾಷೆಯಲ್ಲಿ ಒಂದರ ಹಿಂದೆ ಒಂದು ಪೋಣಿಸಿ ನುಡಿಸಿದೆವು. ಆಮೇಲೆ ಅದು ನಮ್ಮ ಪ್ರತಿ ಕಾರ್ಯಕ್ರಮದ ಕೊನೆಯ ಹಾಡಾಯಿತು. ಶುರು ಮಾತ್ರ ಕನ್ನಡದಲ್ಲಿ, ಯಾಕೆಂದರೆ ಮೊದಲು ಹುಟ್ಟಿದ್ದು ಅಲ್ಲಿ.

ಅಕ್ಕನ ಸರದಿ ಬಂದಾಗ ಅವರು ತಂದದ್ದು 1982ರ ತೆಲುಗು ಚಿತ್ರ ‘ನಾಲುಗು ಸ್ತಂಭಾಲಾಟ’ದ ‘ಚಿನುಕುಲಾ ರಾಲಿ’. ಈ ಸಲ ಎದ್ದು ಕೂತವನು ನಾನು. ‘ಬೆಂಕಿಯ ಬಲೆ’ಯ ‘ಬಿಸಿಲಾದರೇನು’ ಹಾಡಿನ ಧಾಟಿ! ಸಂಗೀತ ಯಾರದು ಎಂದು ನೋಡಿದರೆ ನಮ್ಮ ಮೈಸೂರಿನ ರಾಜನ್-ನಾಗೇಂದ್ರ. ಅವರು ‘ಪಂತುಲಮ್ಮ’ದಂಥ ತೆಲುಗು ಚಿತ್ರಗಳಿಗೂ ಸಂಗೀತ ಕೊಟ್ಟವರು. ‘ಇವರು ನಿಮ್ಮವರಾ? ಇಷ್ಟು ವರ್ಷ ನಮ್ಮವರು ಅಂದುಕೊಂಡಿದ್ದೆ’ ಎಂದರು ಅಕ್ಕ. ಇದಕ್ಕೆ ಉಲ್ಟಾ ಲೆಕ್ಕವೂ ಇದೆ. ರಾಜ್‌ಕುಮಾರ್ ಹಾಡುಗಳ ಬಹುದೊಡ್ಡ ಪಾಲಿಗೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಮನೆಮಾತು ತೆಲುಗು. ಅವರ ಕೈಕೆಳಗೆ ಸಹಾಯಕರಾಗಿ ಕೆಲಸ ಕಲಿತವರು ತಮಿಳಿನ ಇಳಯರಾಜ. ಯಾವ ಹಾಡು ಯಾರದ್ದು ಎಂದು ಗೆರೆ ಎಳೆಯಲು ಹೊರಟರೆ ಗೆರೆ ಎಲ್ಲೂ ನೇರ ಬರುವುದಿಲ್ಲ.

ಜಿ.ಕೆ. ವೆಂಕಟೇಶ್ ಅವರದೇ ಇನ್ನೊಂದು ಹಾಡು ನಮ್ಮನ್ನು ಆಫೀಸಿನಲ್ಲಿ ಪ್ರಸಿದ್ಧರನ್ನಾಗಿ ಮಾಡಿತು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜಣ್ಣ ಇಂಗ್ಲಿಷಿನಲ್ಲಿ ಹಾಡಿದ ‘ಇಫ್ ಯು ಕಮ್ ಟುಡೇ’. ಭಾಷೆಯ ತೊಡಕಿಲ್ಲ, ಎಲ್ಲರಿಗೂ ಒಂದೇ ಕೇಳಿಗೆ ಬಾಯಿಗೆ ಬರುತ್ತದೆ. ಇಡೀ ಫ್ಲೋರು ವಾರಗಟ್ಟಲೆ ಅದನ್ನೇ ಗುನುಗಿತು. ಹಾಡಿದವರು ಯಾರು ಎಂದು ಕೇಳಿದವರಿಗೆ ಭಾಯ್ ಅವರೇ ರಾಜ್‌ಕುಮಾರ್ ಬಗ್ಗೆ ಹೇಳುತ್ತಿದ್ದರು. ನಾನು ಹೇಳುವುದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು.

ದೀರ್ಘಕ್ಕೆ ಎಡವಿದ ಅಕ್ಕ

ಕನ್ನಡ ಹಾಡಿನ ಸಾಹಿತ್ಯವನ್ನು ಅಕ್ಕನಿಗೆ ತೆಲುಗು ಲಿಪಿಯಲ್ಲಿ ಬರೆದುಕೊಡಲು ನನಗೆ ಬರುತ್ತಿರಲಿಲ್ಲ. ಕನ್ನಡದಲ್ಲೇ ಬರೆದುಕೊಟ್ಟೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ನಿಧಾನಕ್ಕೆ ಓದತೊಡಗಿದರು. ಎರಡೂ ಲಿಪಿಗೆ ಬೇರು ಒಂದೇ, ಬೇರೆ ಬೇರೆಯಾಗಿ ಕೆಲವು ಶತಮಾನಗಳಷ್ಟೇ ಆಗಿವೆ. ಅವರು ಎಡವುತ್ತಿದ್ದದ್ದು ದೀರ್ಘಕ್ಕೆ. ನಮ್ಮಲ್ಲಿ ‘ನೀ’ ಬರೆಯುವಾಗ ಪಕ್ಕದಲ್ಲಿ ದೀರ್ಘದ ಕೊಂಬು ಬೇರೆಯಾಗಿ ಬರುತ್ತದೆ. ತೆಲುಗಿನಲ್ಲಿ ಅದು ಅಕ್ಷರದ ತಲೆಯ ಮೇಲೇ ಸುತ್ತಿಕೊಂಡಿರುತ್ತದೆ. ಹಾಗಾಗಿ ಮೊದಮೊದಲು ಅವರ ಬಾಯಲ್ಲಿ ‘ನೀನು’ ಎಂಬುದು ‘ನಿನು’ ಆಗುತ್ತಿತ್ತು.

ಮೂರು ತಿಂಗಳಲ್ಲಿ ಅವರೇ ಒಂದು ಸೂತ್ರ ಕಂಡುಹಿಡಿದರು: ‘ನಿಮ್ಮ ಹ ಎಲ್ಲ ನಮ್ಮ ಪ.’ ಹಾಲು ಪಾಲು, ಹುಲಿ ಪುಲಿ, ಹೂವು ಪುವ್ವು, ಹಾಡು ಪಾಡು. ಎಸ್ಪಿಬಿ ನಡೆಸಿಕೊಡುತ್ತಿದ್ದ ತೆಲುಗು ಟಿವಿ ಕಾರ್ಯಕ್ರಮ ‘ಪಾಡುತಾ ತೀಯಗಾ’, ಕನ್ನಡದ್ದು ‘ಎದೆ ತುಂಬಿ ಹಾಡುವೆನು’. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು ಎಂದು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅವರು ಹಾಡುತ್ತಾ ಹಾಡುತ್ತಾ ತಾವಾಗಿಯೇ ತಿಳಿದರು.

ಇನ್ನೊಂದು ಸಂಗತಿ ನನಗೇ ಹೊಸದು. ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿಗೆ ಸರಳೆ, ಅಲಂಕಾರಗಳಾದ ಮೇಲೆ ಮೊದಲು ಹೇಳಿಕೊಡುವುದು ಮಲಹರಿ ರಾಗದ ಪಿಳ್ಳಾರಿ ಗೀತೆಗಳನ್ನು. ಅವು ಪುರಂದರದಾಸರವು. ಅಕ್ಕ ಏಳನೆಯ ವಯಸ್ಸಿನಲ್ಲಿ ವಿಜಯವಾಡದಲ್ಲಿ ‘ಕೆರೆಯ ನೀರನು’ ಕಲಿತಿದ್ದರು. ಅದು ಕನ್ನಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅರ್ಥವೂ ಗೊತ್ತಿರಲಿಲ್ಲ. ಆ ಶನಿವಾರ ಚಹಾ ಹೊತ್ತಿನಲ್ಲಿ, ಉಸ್ಮಾನಿಯಾ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಾ, ನಾನು ಅರ್ಥ ಹೇಳಿದೆ: ಕೆರೆಯಿಂದಲೇ ತೆಗೆದ ನೀರನ್ನು ಕೆರೆಗೇ ಅರ್ಪಿಸಿ ಧನ್ಯರಾಗುವ ಮಾತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದರೆ ನಾವು ಇಲ್ಲಿ ಮಾಡುತ್ತಿರುವುದು ಅದೇ ಅಲ್ಲವಾ?’ ಎಂದರು.

ನನ್ನ ತಕರಾರಿಗೆ ಇದಕ್ಕಿಂತ ಒಳ್ಳೆಯ ವಾದ ಬೇಕಿಲ್ಲ. ತ್ಯಾಗರಾಜರ ತೆಲುಗು ಕೃತಿಯನ್ನು ಮೈಸೂರಿನಲ್ಲಿ ಹಾಡುವವರು, ಪುರಂದರದಾಸರ ಕನ್ನಡವನ್ನು ಚೆನ್ನೈನಲ್ಲಿ ಹಾಡುವವರು ಎಲ್ಲರೂ ಇನ್ನೊಬ್ಬರ ಹಾಡು ಹಾಡುವವರೇ. ಅಲ್ಲಿ ಯಾರೂ ‘ಬರೀ’ ಎನ್ನುವುದಿಲ್ಲ.

ಪೆಂಡಾಲಿನಲ್ಲಿ ತೀನ್ಮಾರ್

ಆಫೀಸಿನ ಹೊರಗೆ ನಮ್ಮ ಮೊದಲ ಕಾರ್ಯಕ್ರಮ ಕಾಲೊನಿಯ ಗಣೇಶನ ಪೆಂಡಾಲಿನಲ್ಲಿ. ಆಂಟಿಯ ಶಿಫಾರಸು. ಸಂಭಾವನೆ ಪುಳಿಹೋರ, ಲಡ್ಡು, ಆರು ಶಾಲು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಏಳಕ್ಕೇ ಶುರು. ಎದುರು ಕೂತವರು ಕಾರ್ಖಾನೆ ಕಾರ್ಮಿಕರು, ಅವರ ಮಕ್ಕಳು, ನಿವೃತ್ತರು. ಎರಡು ಹಾಡಿನವರೆಗೆ ಸುಮ್ಮನೆ ಕೂತಿದ್ದರು. ಮೂರನೆಯದಕ್ಕೆ ಪ್ಯಾಡಿನ ಹುಡುಗ ಇದ್ದಕ್ಕಿದ್ದಂತೆ ತೀನ್ಮಾರ್ ಬಾರಿಸಿದ. ಹೈದರಾಬಾದಿನಲ್ಲಿ ಮದುವೆ, ಗೆಲುವು, ಗಣೇಶನ ಮೆರವಣಿಗೆ ಯಾವುದಕ್ಕಾದರೂ ಈ ಬಡಿತ ಬೇಕು. ಇದರ ಮೂಲ ಮರ್ಫಾ ವಾದ್ಯದಲ್ಲಿದೆ. ನಿಜಾಮರ ಕಾಲದಲ್ಲಿ ಸೈನ್ಯಕ್ಕೆ ಬಂದ ಯೆಮನ್‌ನ ಅರಬರು ಮತ್ತು ಆಫ್ರಿಕಾ ಮೂಲದ ಹಬ್ಶಿಗಳು ತಂದದ್ದು. ನಮ್ಮ ಪಕ್ಕದ ಹಬ್ಸಿಗುಡದ ಹೆಸರಿನಲ್ಲೇ ಅವರಿದ್ದಾರೆ. ಆಫ್ರಿಕಾದಿಂದ ಬಂದ ಬಡಿತದ ಮೇಲೆ ಗಣೇಶನ ಮುಂದೆ ಕನ್ನಡ ಹಾಡು, ಹಾಡುತ್ತಿರುವವರು ಹಳೆಯ ನಗರದ ಭಾಯ್. ಮಕ್ಕಳೆಲ್ಲ ಎದ್ದು ಕುಣಿದರು. ಹಾಡು ಯಾವ ಭಾಷೆಯದು ಎಂದು ಯಾರೂ ಕೇಳಲಿಲ್ಲ. ಮುಗಿದ ಮೇಲೆ ಒಬ್ಬ ಹಿರಿಯರು ಬಂದು ‘ನಾನು ರಾಯಚೂರಿನವನು, ಇಲ್ಲಿಗೆ ಬಂದು ಮೂವತ್ತು ವರ್ಷ ಆಯಿತು, ಈ ಓಣಿಯಲ್ಲಿ ಕನ್ನಡ ಕೇಳಿದ್ದು ಇವತ್ತೇ ಮೊದಲು’ ಎಂದು ನನ್ನ ಕೈ ಹಿಡಿದುಕೊಂಡರು.

ಹೀಗೆ ಬೇರೆಯವರ ಹಾಡು ಹಾಡಬಹುದೇ ಎಂದು ಅನುಮಾನ ಇರುವವರಿಗೆ ಒಂದು ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಂ ಹವ್ಯಾಸಿ ಸಂಘಗಳಿಗೆ ವಿನಾಯಿತಿ ಕೊಟ್ಟಿದೆ: ನೋಡುವವರಿಂದ ದುಡ್ಡು ತೆಗೆದುಕೊಳ್ಳದೆ ಹಾಡಿದರೆ ಅದು ಉಲ್ಲಂಘನೆಯಲ್ಲ. ಟಿಕೆಟ್ ಇಟ್ಟರೆ ಕಥೆ ಬೇರೆ, ಆಗ ಪರವಾನಗಿ ಬೇಕು. 2017ರ ಮಾರ್ಚ್‌ನಲ್ಲಿ ಎಸ್ಪಿಬಿ ಅಮೆರಿಕ ಪ್ರವಾಸದಲ್ಲಿದ್ದಾಗ, ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ಹಾಡಬಾರದೆಂದು ಇಳಯರಾಜ ಅವರಿಂದ ಲಾಯರ್ ನೋಟಿಸ್ ಹೋದದ್ದು ನಿಮಗೆ ನೆನಪಿರಬಹುದು. ಆ ವಾರ ಪೆಂಟ್‌ಹೌಸಿನಲ್ಲಿ ನುಡಿಸಿದ್ದಕ್ಕಿಂತ ವಾದ ಮಾಡಿದ್ದೇ ಹೆಚ್ಚು. ಕಟ್ಟಿದವರ ಹಕ್ಕೋ, ಹಾಡಿದವರ ಹಕ್ಕೋ? ಕೊನೆಗೆ ಆ ಇಬ್ಬರೂ ಮತ್ತೆ ಒಂದೇ ವೇದಿಕೆ ಹತ್ತಿದರು. ನಮ್ಮ ವಾದ ಮಾತ್ರ ಮುಗಿಯಲಿಲ್ಲ.

ಅರ್ಧ ದಿನದ ಸಂಗೀತಗಾರರು

ಕೆಲಸದ ಜೊತೆ ಸಂಗೀತ ಎಂದರೆ ಎರಡೂ ಅರೆಬರೆ ಎಂದು ಹೇಳುವವರಿದ್ದಾರೆ. ಬೆಂಗಳೂರಿನ ‘ಅಗಮ್’ ತಂಡವನ್ನು ನೋಡಿ. 2003ರಲ್ಲಿ ಕೆಲಸದಲ್ಲಿದ್ದ ಗೆಳೆಯರು ಕಟ್ಟಿದ್ದು. 2007ರಲ್ಲಿ ಎ.ಆರ್. ರೆಹಮಾನ್ ತೀರ್ಪುಗಾರರಾಗಿದ್ದ ಟಿವಿ ಸ್ಪರ್ಧೆ ಗೆದ್ದರು. ಹಾಡುಗಾರ ಹರೀಶ್ ಶಿವರಾಮಕೃಷ್ಣನ್ ತಂತ್ರಜ್ಞಾನ ಕಂಪನಿಗಳಲ್ಲಿ ವಿನ್ಯಾಸದ ಕೆಲಸ ಮಾಡುತ್ತಲೇ ಹಾಡಿದವರು. ಅವರ ಹೆಸರಾದ ಹಾಡುಗಳಲ್ಲಿ ಹಲವು ತ್ಯಾಗರಾಜರ ಕೃತಿಗಳ ಹೊಸ ರೂಪ. ‘ಮುಂಗಾರು ಮಳೆ’ಯ ಸಂಗೀತ ಕೊಟ್ಟ ಮನೋಮೂರ್ತಿ ಕ್ಯಾಲಿಫೋರ್ನಿಯಾದಲ್ಲಿ ತಂತ್ರಜ್ಞಾನ ಉದ್ಯಮಿ. ಎಸ್ಪಿಬಿ ಸಿನಿಮಾಕ್ಕೆ ಬರುವ ಮುಂಚೆ ಎಂಜಿನಿಯರಿಂಗ್ ವಿದ್ಯಾರ್ಥಿ. ಅವರ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಆಗ ನುಡಿಸುತ್ತಿದ್ದವರಲ್ಲಿ ಇಳಯರಾಜ ಒಬ್ಬರು. ಅಂದರೆ ಅವರೂ ಒಂದು ಕಾಲಕ್ಕೆ ಇನ್ನೊಬ್ಬರ ಹಾಡು ನುಡಿಸುವ ತಂಡವೇ. ಇವರ ಜೊತೆ ನಮ್ಮನ್ನು ಹೋಲಿಸಿಕೊಳ್ಳುತ್ತಿಲ್ಲ. ಹಿಮಾಲಯಕ್ಕೂ ನಾಚಾರಂನ ತಾರಸಿಗೂ ಏನು ಹೋಲಿಕೆ? ಆದರೆ ಮೊದಲ ಮೆಟ್ಟಿಲು ಎಲ್ಲರಿಗೂ ಅದೇ.

ಐವತ್ತು ಮೀಟರ್ ದೂರ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮೊದಲ ಶನಿವಾರ ವಿಡಿಯೊ ಕಾಲ್‌ನಲ್ಲಿ ನುಡಿಸಲು ಕೂತೆವು. ಐದು ನಿಮಿಷದಲ್ಲಿ ಗೊತ್ತಾಯಿತು, ಆಗುವುದಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹತ್ತು ಮೀಟರ್ ದೂರ ನಿಂತರೆ ಸುಮಾರು 30 ಮಿಲಿಸೆಕೆಂಡ್ ತಡ. ಅಷ್ಟರವರೆಗೆ ಹೇಗೋ ತಾಳ ಹಿಡಿಯಬಹುದು, ಅದಕ್ಕಿಂತ ಹೆಚ್ಚಾದರೆ ಕಷ್ಟ. ವಿಡಿಯೊ ಕಾಲ್‌ನಲ್ಲಿ 150 ಮಿಲಿಸೆಕೆಂಡ್ ತಡ ಸಾಮಾನ್ಯ. ಅಂದರೆ ಐವತ್ತು ಮೀಟರ್ ಆಚೆ ನಿಂತವನ ಜೊತೆ ನುಡಿಸಿದ ಹಾಗೆ. ನಾನು ಅವನಿಗೆ ಕಾಯುತ್ತೇನೆ, ಅವನು ನನಗೆ ಕಾಯುತ್ತಾನೆ, ಹಾಡು ನಿಧಾನವಾಗುತ್ತಾ ಆಗುತ್ತಾ ನಿಂತೇ ಹೋಗುತ್ತದೆ. ಮಾತಿಗೆ ಅಡ್ಡಿ ಮಾಡದ ತಡ ಹಾಡನ್ನು ಕೊಲ್ಲುತ್ತದೆ.

ಜೂನ್‌ನಲ್ಲಿ ಬೇಸ್ ಗಿಟಾರಿನವನ ಕೆಲಸ ಹೋಯಿತು. ಒಂದು ಕಾಲ್, ಹನ್ನೆರಡು ನಿಮಿಷ, ಮುಗಿಯಿತು. ಕಂಪನಿ ಯಾವುದೆಂಬುದು ಮುಖ್ಯವಲ್ಲ, ಆ ವರ್ಷ ಎಲ್ಲ ಕಡೆ ಅದೇ ಆಗುತ್ತಿತ್ತು. ಅವನು ಸಾಮಾನು ಕಟ್ಟಿಕೊಂಡು ಕಟಕ್‌ಗೆ ಹೋದ. ಪೆಂಟ್‌ಹೌಸ್ ಬಾಡಿಗೆ ಐವರೇ ಕೊಟ್ಟೆವು. ಅವನ ಪಾಲನ್ನು ಕಳಿಸಬೇಡವೆಂದರೂ ಎರಡು ತಿಂಗಳು ಕಳಿಸಿದ.

ಸೆಪ್ಟೆಂಬರ್ 25ಕ್ಕೆ ಎಸ್ಪಿಬಿ ಹೋದರು. ಆ ದಿನ ನಮ್ಮ ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ರಾತ್ರಿ ಕಟಕ್‌ನಿಂದ ಒಂದು ಆಡಿಯೊ ಫೈಲ್ ಬಂತು. ತಾಳದ ಟಿಕ್ ಟಿಕ್ ಮೇಲೆ ‘ಜೊತೆಯಲಿ’ ಹಾಡಿನ ಬೇಸ್ ಭಾಗ ಮಾತ್ರ, ಬೇರೇನೂ ಇಲ್ಲ. ಕೆಳಗೆ ಒಂದು ಸಾಲು: ‘ಉಳಿದದ್ದು ನೀವು ಸೇರಿಸಿ.’ ಮೊದಲ ಸಿನಿಮಾ ಹಾಡು ತೆಲುಗಿನಲ್ಲಿ ಹಾಡಿ, ಅದರ ಬೆನ್ನಿಗೇ ‘ನಕ್ಕರೆ ಅದೇ ಸ್ವರ್ಗ’ಕ್ಕೆ ಕನ್ನಡದಲ್ಲಿ ಹಾಡಿದವರು ಎಸ್ಪಿಬಿ. ನಾಲ್ಕು ಭಾಷೆಯಲ್ಲಿ ರಾಷ್ಟ್ರಪ್ರಶಸ್ತಿ ಪಡೆದವರು. ಅವರಿಲ್ಲದೆ ನಮ್ಮ ಬ್ಯಾಂಡಿನ ಅರ್ಧ ಹಾಡುಗಳೇ ಇರುತ್ತಿರಲಿಲ್ಲ. ಒಬ್ಬೊಬ್ಬರೇ ಮನೆಯಲ್ಲಿ ತಮ್ಮ ಭಾಗ ನುಡಿಸಿ ಕಳಿಸಿದೆವು. ಕೀಬೋರ್ಡಿನವನು ಜೋಡಿಸಿದ. ಅಕ್ಕ ಕನ್ನಡದ ಚರಣ ಹಾಡಿದ್ದರು. ಒಂದು ದೀರ್ಘವೂ ತಪ್ಪಿರಲಿಲ್ಲ.

ಅದೇ ನಮ್ಮ ಕೊನೆಯ ಹಾಡು. ಡಿಸೆಂಬರ್‌ನಲ್ಲಿ ಪೆಂಟ್‌ಹೌಸ್ ಖಾಲಿ ಮಾಡಿದೆವು. ಆಂಟಿ ಮೊಟ್ಟೆ ಟ್ರೇ ತೆಗೆಯಬೇಡಿ ಎಂದರು. ಈಗ ಒಬ್ಬರು ಡಲ್ಲಾಸ್‌ನಲ್ಲಿ, ಒಬ್ಬರು ಪುಣೆಯಲ್ಲಿ, ಅಕ್ಕ ವಿಜಯವಾಡದಲ್ಲಿ. ಬೇಸಿನವನಿಗೆ ಭುವನೇಶ್ವರದಲ್ಲಿ ಕೆಲಸ ಸಿಕ್ಕಿದೆ, ಶಿಫಾರಸು ಮಾಡಿದವರು ಭಾಯ್.

ಬೆಂಗಳೂರು, ಪುಣೆ, ಮುಂಬೈ, ದಿಲ್ಲಿಯಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮ ಆಫೀಸಿನಲ್ಲೂ ಹೀಗೆ ನಾಲ್ಕು ಜನ ಇರುತ್ತಾರೆ. ಒಬ್ಬನ ಮಂಚದ ಕೆಳಗೆ ಕೀಬೋರ್ಡು, ಇನ್ನೊಬ್ಬಳ ಗಂಟಲಲ್ಲಿ ಬಾಲ್ಯದ ಗೀತೆ. ಬಾಡಿಗೆ ಸಮಪಾಲು, ಹಾಡು ಸರದಿ ಪ್ರಕಾರ, ಮೆಟ್ಟಿಲ ಮೇಲೆ ‘ಸರ್’ ಇಲ್ಲ. ನಿಯಮ ಇಷ್ಟು ಸಾಕು. ನಿಮ್ಮ ಸರದಿ ಬಂದಾಗ ಒಂದು ಕನ್ನಡ ಹಾಡು ತನ್ನಿ. ನಮ್ಮ ಭಾಷೆಯನ್ನು ಉಳಿಸಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಧಾಟಿ ಹಿಡಿಸಿದರೆ ಅವರೇ ಕಲಿಯುತ್ತಾರೆ, ದೀರ್ಘದ ಸಮೇತ.